ಕಪ್ಪು ಹಿಡಿದ ಬೆಳ್ಳಿ ರೂಪಾಯಿಯನ್ನು ತೊಳೆಯುವ ಮುನ್ನ

ಪ್ರಶ್ನೆ: ತೀರಿಕೊಂಡ ನಮ್ಮ ಅಜ್ಜಿಯ ಟ್ರಂಕಿನಲ್ಲಿ ಹತ್ತಾರು ಬೆಳ್ಳಿ ರೂಪಾಯಿಗಳು ಸಿಕ್ಕಿವೆ. ಕೆಲವು ವಿಕ್ಟೋರಿಯಾ ರಾಣಿಯವು, 1862 ಎಂದಿದೆ. ಹೆಚ್ಚಿನವು ಐದನೆಯ ಜಾರ್ಜ್ ದೊರೆಯ ಕಾಲದವು. ಒಂದೆರಡು ಆರನೆಯ ಜಾರ್ಜನವು. ಕೆಲವಕ್ಕೆ ಕಾಸಿನ ಸರಕ್ಕೆಂದು ಕೊಂಡಿ ಬೆಸೆದಿದ್ದಾರೆ. ಎಲ್ಲವೂ ಕಪ್ಪಾಗಿವೆ. ಬೆಳ್ಳಿ ಅಂಗಡಿಯವರು ತೂಕದ ಲೆಕ್ಕದಲ್ಲಿ ಕೊಳ್ಳುತ್ತೇವೆ ಎನ್ನುತ್ತಾರೆ. ಮೊಬೈಲಿನ ವಿಡಿಯೊಗಳು ಒಂದೊಂದಕ್ಕೆ ಲಕ್ಷ ಎನ್ನುತ್ತವೆ. ಹುಣಸೆಹಣ್ಣು ಹಾಕಿ ತೊಳೆದರೆ ಒಳ್ಳೆಯ ಬೆಲೆ ಬಂದೀತೇ? — ಓದುಗರೊಬ್ಬರು, ಹಾವೇರಿ

ಉತ್ತರ: ದಯವಿಟ್ಟು ತೊಳೆಯಬೇಡಿ. ಅಚ್ಚಿನ ಒತ್ತಡಕ್ಕೆ ಸಿಕ್ಕಿದ ಬೆಳ್ಳಿ ಹರಿದು ಹರಡಿಕೊಂಡಾಗ ನಾಣ್ಯದ ಮೈಮೇಲೆ ಕಣ್ಣಿಗೆ ಕಾಣದಷ್ಟು ನವಿರಾದ ಗೆರೆಗಳು ಮೂಡುತ್ತವೆ, ಮತ್ತು ಸಂಗ್ರಾಹಕರು ಹಣ ಕೊಡುವ ಆ ಮೂಲ ಹೊಳಪು ಹುಟ್ಟುವುದು ಈ ಗೆರೆಗಳಿಂದಲೇ. ಹುಣಸೆಹುಳಿ ಆ ಪದರವನ್ನು ತಿನ್ನುತ್ತದೆ. ಬೂದಿಯನ್ನೋ ಪಾತ್ರೆ ತೊಳೆಯುವ ಪುಡಿಯನ್ನೋ ಹಾಕಿ ಉಜ್ಜಿದರೆ ಅದರ ಮೇಲೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಆಮೇಲೆ ನಾಣ್ಯ ಬೆಳ್ಳಗೇನೋ ಕಾಣುತ್ತದೆ, ಆದರೆ ಅನುಭವಸ್ಥರಿಗೆ ನೋಡಿದ ಕೂಡಲೇ ಅದು ತೊಳೆದದ್ದೆಂದು ತಿಳಿದುಹೋಗುತ್ತದೆ, ಕಳೆದುಹೋದ ಪದರವನ್ನು ಮರಳಿ ತರುವ ಉಪಾಯವೂ ಇಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಗುಲಿ ಉಂಟಾದ ಕಪ್ಪು ದೋಷವಲ್ಲ. ನೀಲಿ, ಕಂದು ಛಾಯೆಯೊಂದಿಗೆ ಸಮನಾಗಿ ಹರಡಿದ್ದರೆ ಅದಕ್ಕೇ ಹೆಚ್ಚು ಕೊಡುವವರಿದ್ದಾರೆ. ಧೂಳಿದ್ದರೆ ಶುದ್ಧೀಕರಿಸಿದ ನೀರಿನಲ್ಲಿ ನೆನೆಸಿಟ್ಟು, ಉಜ್ಜದೆ, ಹತ್ತಿಬಟ್ಟೆಯ ಮೇಲೆ ಒತ್ತಿ ಆರಿಸಿದರೆ ಸಾಕು. ಅಕ್ಕಸಾಲಿಗರಿಗೆ ತೋರಿಸುವಾಗ ಒರೆಗಲ್ಲಿಗೆ ತಿಕ್ಕಲು ಬಿಡಬೇಡಿ, ಅದೂ ಒಂದು ಗಾಯವೇ.

ಇನ್ನು ಸ್ಥಿತಿಯನ್ನು ಅಳೆಯುವ ಬಗೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಒಂದೇ ದೀಪದ ಕೆಳಗೆ ನಿಧಾನವಾಗಿ ಓರೆ ಮಾಡುತ್ತ, ಅತ್ಯಂತ ಉಬ್ಬಿರುವ ಭಾಗಗಳನ್ನು ಮೊದಲು ಭೂತಗನ್ನಡಿಯಲ್ಲಿ ನೋಡಬೇಕು, ಏಕೆಂದರೆ ಕೈಯಿಂದ ಕೈಗೆ ಹೋಗುವಾಗ ಸವೆಯುವುದು ಅವೇ. ವಿಕ್ಟೋರಿಯಾ ರೂಪಾಯಿಯಲ್ಲಿ ಕಿವಿಯ ಸುತ್ತಲಿನ ಕೂದಲಿನ ಎಳೆಗಳನ್ನೂ ಉಡುಪಿನ ಎದೆಯ ಮೇಲಿನ ಕಸೂತಿಯನ್ನೂ, ಐದನೆಯ ಜಾರ್ಜ್ ರೂಪಾಯಿಯಲ್ಲಿ ಹುಬ್ಬು, ಕಿವಿಯ ಮೇಲಿನ ಕೂದಲು, ಕಿರೀಟದ ಮುತ್ತುಗಳು ಮತ್ತು ನಿಲುವಂಗಿಯ ಮೇಲಿನ ಹಾರದಲ್ಲಿರುವ ಪುಟ್ಟ ಆನೆಯನ್ನು ಗಮನಿಸಿ. ಕಸೂತಿ ಅಳಿಸಿ ನುಣುಪಾಗಿದ್ದು ಅಕ್ಷರಗಳು ಮಾತ್ರ ಸ್ಪಷ್ಟವಿದ್ದರೆ ಅದನ್ನು ‘ಫೈನ್’ ಎನ್ನುತ್ತಾರೆ. ಹೆಚ್ಚಿನ ವಿವರ ಉಳಿದು ತುದಿಗಳಷ್ಟೇ ಸವೆದಿದ್ದರೆ ‘ವೆರಿ ಫೈನ್’. ಎಳೆಎಳೆಯೂ ಕಂಡು, ತಗ್ಗುಗಳಲ್ಲಿ ಮೂಲ ಹೊಳಪು ಇಣುಕಿದರೆ ‘ಎಕ್ಸ್‌ಟ್ರಾ ಫೈನ್’. ಚಲಾವಣೆಯ ಗುರುತೇ ಇಲ್ಲದಿದ್ದರೆ ‘ಅನ್‌ಸರ್ಕ್ಯುಲೇಟೆಡ್’. ಕೆಲವೊಮ್ಮೆ ಅಚ್ಚು ಸರಿಯಾಗಿ ಒತ್ತದೆಯೂ ವಿವರ ಮಸುಕಾಗಿರುವುದುಂಟು. ಮಸುಕಾದ ಜಾಗದಲ್ಲಿ ಹೊಳಪು ಹಾಗೇ ಇದ್ದರೆ ಅದು ಸವೆತವಲ್ಲ. ಅಂಚಿಗೆ ಬಿದ್ದ ಏಟು, ಹಳೆಯ ಚಿನಿವಾರರು ಬೆಳ್ಳಿ ಪರೀಕ್ಷಿಸಲು ಹೊಡೆದ ಸಣ್ಣ ಗುರುತು, ತೂತು, ಬೆಸುಗೆ ಇವೆಲ್ಲ ದರ್ಜೆಯನ್ನು ಇಳಿಸುತ್ತವೆ. ಕೊಂಡಿಯಿರುವ ನಾಣ್ಯಗಳನ್ನು ಬೆಳ್ಳಿಯೆಂದೇ ಎಣಿಸಿ. ಕೊಂಡಿಯನ್ನು ಕೀಳಿಸಿದರೆ ಕಲೆ ಉಳಿಯುತ್ತದೆಯೇ ಹೊರತು ಬೆಲೆ ಏರುವುದಿಲ್ಲ. ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಅವು ಸರವಾಗಿಯೇ ಉಳಿಯುವುದು ಲೇಸೆಂದು ನನ್ನ ಅನಿಸಿಕೆ.

ಅಂಗಡಿಯವರು ಹೇಳುವ ತೂಕದ ಲೆಕ್ಕ ತಪ್ಪಲ್ಲ, ಆದರೆ ಅದು ಬೆಲೆಯ ತಳಮಟ್ಟ ಮಾತ್ರ. ವಿಕ್ಟೋರಿಯಾ ಮತ್ತು ಐದನೆಯ ಜಾರ್ಜ್ ಕಾಲದ ರೂಪಾಯಿ 11.66 ಗ್ರಾಂ ತೂಗುತ್ತದೆ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ ಸುಮಾರು 10.69 ಗ್ರಾಂ, ಅಪ್ಪಟ ಬೆಳ್ಳಿ. ಆರನೆಯ ಜಾರ್ಜನ 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಯುದ್ಧಕಾಲದ ಕಾರಣಕ್ಕೆ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರದು ನಿಕ್ಕಲ್ಲಿನದು. ಹುಲಿಯ ಚಿತ್ರವಿರುವ 1947ರ ರೂಪಾಯಿ ಅಯಸ್ಕಾಂತಕ್ಕೆ ಅಂಟಿದರೆ ಅದು ನಕಲಿ ಎಂದು ಗಾಬರಿಪಡಬೇಕಿಲ್ಲ. ಬೆಳ್ಳಿ ರೂಪಾಯಿ ಅಂಟಿದರೆ ಮಾತ್ರ ಗಾಬರಿಪಡಿ.

ಇಸವಿ ಹಳೆಯದಾದಷ್ಟೂ ಬೆಲೆ ಹೆಚ್ಚೆಂಬ ನಂಬಿಕೆಯನ್ನು ನಿಮ್ಮ 1862ರ ನಾಣ್ಯಗಳೇ ಸುಳ್ಳು ಮಾಡುತ್ತವೆ. ಆ ಇಸವಿಯನ್ನು ಬದಲಿಸದೆ ಟಂಕಸಾಲೆಗಳು ಹತ್ತಕ್ಕೂ ಹೆಚ್ಚು ವರ್ಷ ಅದೇ ರೂಪಾಯಿಯನ್ನು ಟಂಕಿಸಿದ್ದರಿಂದ ಅವು ಇಂದಿಗೂ ಧಾರಾಳವಾಗಿ ಸಿಗುತ್ತವೆ. ತಾನು ಅದಕ್ಕಿಂತ ಕಿರಿಯದಾದರೂ 1911ರದು ಹಾಗಲ್ಲ. ಹಾರದಲ್ಲಿದ್ದ ಆನೆಯ ಸೊಂಡಿಲು ಮೋಟಾಗಿ ಹಂದಿಯಂತೆ ಕಂಡದ್ದರಿಂದ ಜನರಲ್ಲಿ ಅಸಮಾಧಾನ ಹುಟ್ಟಿ, ಸರ್ಕಾರ ಆ ನಾಣ್ಯಗಳನ್ನು ಹಿಂತೆಗೆದುಕೊಂಡು ಕರಗಿಸಿತು. 1912ರಿಂದ ಸೊಂಡಿಲನ್ನು ಉದ್ದ ಮಾಡಲಾಯಿತು. ನಿಮ್ಮ ರಾಶಿಯಲ್ಲಿ 1911ರದು ಇದ್ದರೆ ಅದನ್ನು ಪ್ರತ್ಯೇಕವಾಗಿಡಿ. 1939ರ ರೂಪಾಯಿ ಇನ್ನೂ ವಿರಳ. ಹಾಗಾಗಿಯೇ ಬೇರೆ ಇಸವಿಯ ಕೊನೆಯ ಅಂಕಿಯನ್ನು ತಿದ್ದಿದ ನಕಲಿಗಳು ಓಡಾಡುತ್ತವೆ. ಅದೇನಾದರೂ ಸಿಕ್ಕಿದ್ದರೆ 9ರ ಸುತ್ತಲಿನ ಲೋಹವನ್ನು ಭೂತಗನ್ನಡಿಯಲ್ಲಿ ನೋಡದೆ ಹಿಗ್ಗಬೇಡಿ.

ಬೆಲೆ ತಿಳಿಯಲು ಮಾರುವವರು ಕೇಳುವ ದರವನ್ನಲ್ಲ, ನಾಣ್ಯ ಹರಾಜುಗಳಲ್ಲಿ ಅದೇ ಇಸವಿ, ಅದೇ ಟಂಕಸಾಲೆ, ಅದೇ ದರ್ಜೆಯ ನಾಣ್ಯ ನಿಜವಾಗಿ ಮಾರಾಟವಾದ ದರವನ್ನು ನೋಡಿ. ಐದನೆಯ ಜಾರ್ಜ್ ರೂಪಾಯಿಯಲ್ಲಿ ಇಸವಿಯಿರುವ ಬದಿಯ ಕೆಳಗಿನ ಹೂವಿನ ಬಳಿ ಉಬ್ಬಿದ ಚುಕ್ಕೆಯಿದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತ. ಲಕ್ಷದ ಆಸೆ ತೋರಿಸಿ ಮೊದಲು ಶುಲ್ಕ ಕೇಳುವವರು ಮೋಸಗಾರರು. ತನ್ನ ಹೆಸರಿನಲ್ಲಿ ಕಮಿಷನ್ ವಸೂಲಿ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಪ್ರಶ್ನೆ: ಒಂದು ಬದಿಯಲ್ಲಿ ರಾಮ, ಸೀತೆ, ಆಂಜನೇಯ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಎಂದಿರುವ ನಾಣ್ಯವಿದೆ. ಅಕ್ಕಿಯನ್ನು ಎಳೆಯುವ ಶಕ್ತಿ ಇದಕ್ಕಿದೆ ಎಂದು ಒಬ್ಬರು ಲಕ್ಷಗಟ್ಟಲೆ ಬೆಲೆ ಹೇಳುತ್ತಿದ್ದಾರೆ. — ಓದುಗರೊಬ್ಬರು, ತುಮಕೂರು

ಉತ್ತರ: ಅದು ನಾಣ್ಯವೇ ಅಲ್ಲ. ಕಂಪನಿ ಅಂಥದ್ದನ್ನು ಎಂದೂ ಟಂಕಿಸಿಲ್ಲ. 1835ರ ಅಸಲಿ ಅರ್ಧ ಆಣೆಯ ಮೇಲಿರುವುದು ಸಿಂಹಗಳಿರುವ ಕಂಪನಿಯ ಲಾಂಛನ, ದೇವರಲ್ಲ. ಅಕ್ಕಿ ಎಳೆಯುವ ಮಾತು ಬಂದಲ್ಲಿ ಪೊಲೀಸರಿಗೆ ತಿಳಿಸಿ.

ಪ್ರಶ್ನೆ: 1918ರ ಬೆಳ್ಳಿ ರೂಪಾಯಿಗಳನ್ನು ಅಮೆರಿಕದಲ್ಲಿರುವ ಮಗನಿಗೆ ಕಳುಹಿಸಬಹುದೇ? — ಓದುಗರೊಬ್ಬರು, ಧಾರವಾಡ

ಉತ್ತರ: ಸಾಧ್ಯವಿಲ್ಲ. ಪ್ರಾಚೀನ ವಸ್ತುಗಳ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪ್ರಾಚೀನ ವಸ್ತುವಾಗುತ್ತದೆ, ಮತ್ತು ಅದನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಗೆ ಒಯ್ಯುವಂತಿಲ್ಲ, ಅಂಚೆಯಲ್ಲಿ ಕಳುಹಿಸುವಂತೆಯೂ ಇಲ್ಲ. ಮಗ ಊರಿಗೆ ಬಂದಾಗ ಇಲ್ಲಿಯೇ ಅವರ ಪಾಲಿಗೆ ಬಿಟ್ಟು, ಬ್ಯಾಂಕಿನ ಲಾಕರಿನಲ್ಲಿ ಇಡಬಹುದು. ಇಡುವಾಗ ಮೃದುವಾದ ಪಿವಿಸಿ ಕವರು ಬೇಡ, ಅದು ಕಾಲಕ್ರಮೇಣ ನಾಣ್ಯಕ್ಕೆ ಹಸಿರು ಜಿಗುಟನ್ನು ಅಂಟಿಸುತ್ತದೆ.