ಕೆಂಪೆಲೆ ಬೇಕಾದರೆ ಹೋಳಿವರೆಗೆ ಕಾಯಿರಿ

ಪ್ರಶ್ನೆ: ಬೆಟ್ಟದ ತುಂಬ ಕೆಂಪು, ಹಳದಿ ಎಲೆ ನೋಡಬೇಕು ಅಂತ ಮಕ್ಕಳ ಹಟ. ದೀಪಾವಳಿ ರಜೆಯಲ್ಲಿ ಕಾರಿನಲ್ಲಿ ಹೋಗಿ ಬರುವಂಥ ಘಾಟ್ ಯಾವುದಾದರೂ ಇದೆಯಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇಲ್ಲ. ಈಗಲೇ ಹೇಳಿಬಿಡುವುದು ವಾಸಿ, ಮಾಳ್ಶೇಜ್ ತನಕ ಹೋಗಿ ಆಮೇಲೆ ಮಕ್ಕಳ ಸಿಡುಕು ಯಾರಿಗೆ ಬೇಕು? ದೀಪಾವಳಿ ಹೊತ್ತಿಗೆ ಸಹ್ಯಾದ್ರಿಯ ಮರಗಳು ಮಳೆ ಕುಡಿದು ಇನ್ನೂ ಹಸಿರಾಗೇ ಇರುತ್ತವೆ. ಚಳಿ ದೇಶದ ಮರ ಹಗಲು ಕಿರಿದಾಗಿ ಥಂಡಿ ಶುರುವಾದಾಗ ಎಲೆ ಉದುರಿಸುತ್ತದೆ. ನಮ್ಮ ಮರ ಉದುರಿಸುವುದು ನೆಲದ ನೀರು ಕಡಿಮೆಯಾದಾಗ, ಅಂದರೆ ಡಿಸೆಂಬರ್ ಕಳೆದ ಮೇಲೆ.

ಇನ್ನೊಂದು ವ್ಯತ್ಯಾಸವಿದೆ. ನಮ್ಮ ಕಾಡಿನಲ್ಲಿ ಕೆಂಪು ಜಾಸ್ತಿ ಕಾಣುವುದು ಉದುರುವ ಎಲೆಯಲ್ಲಲ್ಲ, ಚಿಗುರಿನಲ್ಲಿ. ಮಾರ್ಚ್‌ನಲ್ಲಿ ಸಾಗಡೆ ಮರ ನೋಡಿ, ಇಲ್ಲಿಯವರು ಕುಸುಂಬ ಅನ್ನುತ್ತಾರೆ, ಅರಗಿನ ಹುಳ ಸಾಕುವ ಮರ ಅದು, ಬೋಳು ಕಾಡಿನ ಮಧ್ಯೆ ಅದೊಂದೇ ತಲೆಯಿಂದ ಬುಡದವರೆಗೆ ಕೆಂಪು ಚಿಗುರು ಹೊತ್ತು ನಿಂತಿರುತ್ತದೆ. ಜೊತೆಗೆ ಮುತ್ತುಗ, ಬೂರುಗ, ಹಾಲವಾಣದ ಹೂವು. ಹೋಳಿ ರಜೆಯಲ್ಲಿ ಪನವೇಲ್‌ನಿಂದ ಗೋವಾ ಹೆದ್ದಾರಿ ಹಿಡಿದು ಮಾಣಗಾಂವ್‌ಗೆ ಬನ್ನಿ, ಅಲ್ಲಿ ಎಡಕ್ಕೆ ತಿರುಗಿ ತಾಮ್ಹಿಣಿ ಘಾಟ್ ಹತ್ತಿ, ಮುಳಶಿ ಜಲಾಶಯದ ಪಕ್ಕದಿಂದ ಪುಣೆಗೆ ಇಳಿಯಿರಿ. ಅಷ್ಟು ದೂರ ಆಗಲ್ಲ ಅಂದರೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲೇ ಮುತ್ತುಗವೂ ಇದೆ, ಕುಸುಂಬವೂ ಇದೆ. ಅಂಬೋಲಿ ಘಾಟ್ ಈ ಲೆಕ್ಕಕ್ಕೆ ಬೇಡ, ಅಲ್ಲಿ ನಿತ್ಯಹಸಿರಿನ ಮರಗಳೇ ಹೆಚ್ಚು.

ಮಕ್ಕಳಿಗೆ ವಿದೇಶಿ ಫೋಟೊದ ಥರವೇ ಕೆಂಪಾದ ಎಲೆ ಬೇಕೇ ಬೇಕು ಅಂದರೆ ಜನವರಿಯಲ್ಲಿ ನಿಮ್ಮ ಸೊಸೈಟಿ ಕಾಂಪೌಂಡಿನ ಬಾದಾಮಿ ಮರ ತೋರಿಸಿ. ತಮಾಷೆ ಅಲ್ಲ, ಅದು ನಿಜವಾಗಿಯೂ ಉದುರುವ ಮೊದಲು ಕೆಂಪಾಗುತ್ತದೆ.

ದೀಪಾವಳಿಗಿಂತ ಮುಂಚೆ ಹೊರಡುವುದಾದರೆ ಸಾತಾರಾ ಹತ್ತಿರದ ಕಾಸ್ ಬಯಲಿದೆ. ಅಲ್ಲಿ ಎಲೆಯಲ್ಲ, ಹೂವು. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಸೆಪ್ಟೆಂಬರ್ ಸರಿಯಾದ ತಿಂಗಳು, ಮೊದಲೇ ಬುಕ್ ಮಾಡದೆ ಹೋಗಬೇಡಿ.

ಪ್ರಶ್ನೆ: ಕಾಶ್ಮೀರದ ಚಿನಾರ್ ಮರ ನೋಡಲು ಅಕ್ಟೋಬರ್ ಮೊದಲ ವಾರದ ಟಿಕೆಟ್ ಮಾಡಿಸಿದ್ದೇವೆ. ಸರಿಯಾದ ಸಮಯ ತಾನೇ?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಸ್ವಲ್ಪ ಬೇಗ ಆಯಿತು. ಶ್ರೀನಗರದ ಚಿನಾರ್ ಚೆನ್ನಾಗಿ ಕೆಂಪಾಗುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ತಾರೀಕು ಬದಲಿಸಲು ಆಗದಿದ್ದರೆ ಎತ್ತರಕ್ಕೆ ಹೋಗಿ. ಬಣ್ಣ ಯಾವಾಗಲೂ ಮೇಲಿನಿಂದ ಕೆಳಗೆ ಇಳಿದು ಬರುತ್ತದೆ, ಏಕೆಂದರೆ ಚಳಿ ಮೊದಲು ಮುಟ್ಟುವುದು ಮೇಲೆಯೇ. ಶ್ರೀನಗರದಿಂದ ಸೋನಮರ್ಗ್‌ಗೆ ಸಿಂಧ್ ನದಿಯ ಪಕ್ಕದಲ್ಲೇ ಹೋಗುವ ರಸ್ತೆ ನಿಮಗೆ ಸರಿ. ಅಲ್ಲಿ ಚಿನಾರ್ ಅಲ್ಲ, ಪಾಪ್ಲರ್ ಮತ್ತು ವಿಲ್ಲೊ ಹಳದಿ ತಿರುಗುತ್ತಿರುತ್ತವೆ. ಶೋಪಿಯಾನ್‌ನಿಂದ ಪೂಂಛ್ ಕಡೆ ಹೋಗುವ ಮೊಘಲ್ ರೋಡ್ ಕೂಡ ಚಂದ, ಆದರೆ ಅದು ಬೆಟ್ಟ ದಾಟುವ ಜಾಗ, ಪೀರ್ ಕಿ ಗಲಿ, ಸುಮಾರು 3,490 ಮೀಟರ್ ಎತ್ತರದಲ್ಲಿದೆ, ಹಿಮ ಬಿದ್ದರೆ ದಾರಿ ಬಂದ್. ಹೊರಡುವ ಬೆಳಿಗ್ಗೆ ಡ್ರೈವರ್‌ನ ಕೇಳಿಯೇ ಹೊರಡಿ.

ಪ್ರಶ್ನೆ: ಮಗ ಬೋಸ್ಟನ್‌ನಲ್ಲಿದ್ದಾನೆ. ಅಕ್ಟೋಬರ್ ಪೂರ್ತಿ ಅಲ್ಲೇ ಇರುತ್ತೇವೆ. ಬ್ಲೂ ರಿಡ್ಜ್ ಪಾರ್ಕ್‌ವೇಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ.
– ಓದುಗರೊಬ್ಬರು, ಮಾಟುಂಗಾ

ಉತ್ತರ: ಬೋಸ್ಟನ್‌ನಿಂದ ಅದು ತುಂಬ ದೂರ, ವರ್ಜೀನಿಯಾದಲ್ಲಿ ಶುರುವಾಗಿ ನಾರ್ತ್ ಕ್ಯಾರೊಲಿನಾದವರೆಗೆ ಹೋಗುವ 755 ಕಿಲೋಮೀಟರ್ ರಸ್ತೆ. ಅದಕ್ಕೆ ಹೋಲಿಸಿದರೆ ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೆದ್ದಾರಿ ನಿಮ್ಮ ಮಗನ ಮನೆಯ ಹಿತ್ತಿಲು ಇದ್ದ ಹಾಗೆ. ಲಿಂಕನ್‌ನಿಂದ ಕಾನ್ವೇವರೆಗೆ ಬರೀ 55 ಕಿಲೋಮೀಟರ್, ಎರಡೂ ಕಡೆ ಮೇಪಲ್. ಬಣ್ಣ ತುಂಬುವುದು ಅಕ್ಟೋಬರ್ ಮೊದಲರ್ಧದಲ್ಲಿ. ಅಲ್ಲಿನ ಎರಡನೇ ಸೋಮವಾರದ ರಜೆಯ ವಾರಾಂತ್ಯ ಮಾತ್ರ ಬಿಟ್ಟುಬಿಡಿ, ಶನಿವಾರದ ಲೋಣಾವಳ ನೋಡಿದವರಿಗೆ ಬೇರೆ ವಿವರಣೆ ಬೇಡ. ಆ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಲಿಂಕನ್‌ನಲ್ಲೇ ತುಂಬಿಸಿಕೊಳ್ಳಿ.

ಕೆಲವು ವರ್ಷ ಕೆಂಪು ಕಡು, ಕೆಲವು ವರ್ಷ ಮಂಕು ಏಕೆ ಅಂತಲೂ ಕೇಳಿದ್ದೀರಿ. ಹಳದಿ ಬಣ್ಣ ಎಲೆಯಲ್ಲಿ ಮೊದಲೇ ಇರುತ್ತದೆ, ಹಸಿರು ಕರಗಿದಾಗ ಕಾಣುತ್ತದೆ ಅಷ್ಟೇ. ಕೆಂಪನ್ನು ಮಾತ್ರ ಮರ ಆಗ ಹೊಸದಾಗಿ ಮಾಡಬೇಕು, ಎಲೆಯಲ್ಲಿ ಉಳಿದ ಸಕ್ಕರೆಯಿಂದ. ಹಗಲು ಬಿಸಿಲು, ರಾತ್ರಿ ಹಿಮ ಬೀಳದಷ್ಟು ತಂಪು ಇದ್ದರೆ ಕೆಂಪು ಜೋರು. ಸುಮ್ನೆ ಮೋಡ ಕವಿದುಕೊಂಡೇ ಇದ್ದರೆ ಮಂಕು.

ಮಗನಿಗೆ ಬ್ಲೂ ರಿಡ್ಜ್ ಆಸೆ ಬಿಡದಿದ್ದರೆ ತಿಂಗಳ ಕೊನೆಗೆ ಇಟ್ಟುಕೊಳ್ಳಲಿ. ಆ ರಸ್ತೆ 200 ಮೀಟರ್‌ನಿಂದ 1,800 ಮೀಟರ್ ದಾಟಿ ಏರುತ್ತದೆ, ಹಾಗಾಗಿ ತುದಿಯಲ್ಲಿ ಎಲೆ ಉದುರಿದ್ದರೂ ಕೆಳಗೆ ಬಣ್ಣ ಸಿಗುತ್ತದೆ.

ಪ್ರಶ್ನೆ: ಘಾಟ್ ತಿರುವು ಬಂದರೆ ಅತ್ತೆಗೆ ವಾಂತಿ. ಏನು ಮಾಡಲಿ?
– ಓದುಗಿಯೊಬ್ಬರು, ಮಡಗಾಂವ್

ಉತ್ತರ: ಮುಂದಿನ ಸೀಟು ಅವರಿಗೇ ಕೊಡಿ, ನಿಮ್ಮ ಯಜಮಾನರು ಬೇಕಾದರೆ ಹಿಂದೆ ಕೂರಲಿ. ದೂರದ ರಸ್ತೆ ನೋಡುತ್ತಿರಲಿ, ಮೊಬೈಲ್ ಬೇಡ. ಹೊರಡುವ ಮುಂಚೆ ಹೊಟ್ಟೆ ತುಂಬ ಮಿಸಳ್ ಪಾವ್ ಬೇಡ, ಪೂರಾ ಖಾಲಿ ಹೊಟ್ಟೆಯೂ ಬೇಡ. ಮಾತ್ರೆ ಡಾಕ್ಟರ್‌ನ ಕೇಳಿ, ಘಾಟ್ ಶುರುವಾಗುವುದಕ್ಕಿಂತ ಮುಂಚೆಯೇ ಕೊಡಿ, ತಿರುವಿಗೆ ಬಂದ ಮೇಲೆ ಕೊಟ್ಟರೆ ಅದೂ ಆಚೆಗೆ ಬರುತ್ತದೆ.