ಓದುಗರ ಪ್ರಶ್ನೆ: ಇದು ಯಾವ ವರ್ಷದ ವಿಕ್ರಾಂತ?

ಪ್ರಶ್ನೆ: ಅಪ್ಪ ನೌಕಾಪಡೆಯಲ್ಲಿದ್ದರು, ಈಗ ಇಲ್ಲ. ಹಳೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತದ ಡೆಕ್ ಮೇಲೆ ನಿಂತು ತೆಗೆಸಿಕೊಂಡ ಅವರ ಕಪ್ಪುಬಿಳುಪು ಫೋಟೋ ಒಂದು ಮನೆಯಲ್ಲಿದೆ. ಹಿಂದೆ ಏನೂ ಬರೆದಿಲ್ಲ. ಅದೇ ಹಡಗಿನ ಮಾಡೆಲ್ ಮಾಡಿ ಫೋಟೋ ಪಕ್ಕದಲ್ಲಿಡುವ ಆಸೆ. ಎಲ್ಲಿಂದ ಶುರು ಮಾಡಲಿ ಸರ್?
(ಹೊನ್ನಾವರದ ಓದುಗರು)

ಉತ್ತರ: ಅಂಟು, ಬಣ್ಣ ಎಲ್ಲ ಆಮೇಲೆ. ಮೊದಲು ಆ ಫೋಟೋ ಯಾವ ಕಾಲದ್ದು ಅಂತ ಹುಡುಕಿ. ಯಾಕಂದ್ರೆ ವಿಕ್ರಾಂತ ಕೊನೆಯವರೆಗೂ ಒಂದೇ ಥರ ಇರಲಿಲ್ಲ. 1945ರಲ್ಲಿ ಬ್ರಿಟನ್ನಿನಲ್ಲಿ ಹರ್ಕ್ಯುಲೀಸ್ ಎಂಬ ಹೆಸರಿನಲ್ಲಿ ನೀರಿಗಿಳಿದ ಹಡಗು ಅದು, ಯುದ್ಧ ಮುಗಿದದ್ದರಿಂದ ಅರ್ಧಕ್ಕೇ ನಿಂತಿತ್ತು, 1957ರಲ್ಲಿ ನಮ್ಮವರು ಕೊಂಡು ಬೆಲ್‌ಫಾಸ್ಟ್‌ನಲ್ಲಿ ಪೂರ್ತಿ ಮಾಡಿಸಿ 1961ರಲ್ಲಿ ಸೇವೆಗೆ ಸೇರಿಸಿದರು. 1997ರಲ್ಲಿ ನಿವೃತ್ತಿ. ಈ 36 ವರ್ಷಗಳಲ್ಲಿ ಅದರ ಮುಖವೇ ಬದಲಾಗಿದೆ.

ಈಗ ಒಂದು ಭೂತಗನ್ನಡಿ ತಗೊಳ್ಳಿ. ಅಪ್ಪನ ಮುಖ ಬಿಟ್ಟು ಹಿಂದೆ ನೋಡಿ. ವಿಮಾನ ಏನಾದರೂ ಕಾಣುತ್ತದಾ? ಮೂತಿಯಲ್ಲಿ ಪ್ರೊಪೆಲ್ಲರ್ ಇದ್ದರೆ ಅದು ಫ್ರಾನ್ಸಿನ ಅಲಿಝೆ, ಸಬ್‌ಮರೀನ್ ಹುಡುಕಲು ಇಟ್ಟುಕೊಂಡಿದ್ದು, ಆದರೆ ಅದು ಬಹಳ ಕಾಲ ಇತ್ತು, ಹಾಗಾಗಿ ವರ್ಷ ಹೇಳಲು ಅಷ್ಟು ಉಪಯೋಗವಿಲ್ಲ. ಗುಂಡಗಿನ ಮೂತಿಯ ಪುಟ್ಟ ಜೆಟ್, ಗಾಳಿ ಎಳೆದುಕೊಳ್ಳುವ ಬಾಯಿ ರೆಕ್ಕೆಯ ಬುಡದಲ್ಲೇ ಇದ್ದರೆ ಅದು ಸೀ ಹಾಕ್, ಅಂದ್ರೆ ಅರವತ್ತು ಎಪ್ಪತ್ತರ ದಶಕ. 1971ರ ಡಿಸೆಂಬರಿನಲ್ಲಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿಗೆ ಹೋದದ್ದು ಇವೇ. (ಆಗ ಹಡಗಿನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು, ಮೂರರಲ್ಲೇ ಓಡಿಸಿದರು!) ಸೀ ಹ್ಯಾರಿಯರ್ ಜೆಟ್ ಕಂಡರೆ ಫೋಟೋ 1983ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಡೆಕ್ಕಿನ ಮುಂಭಾಗ ಜಾರುಬಂಡಿಯನ್ನು ತಲೆಕೆಳಗು ಮಾಡಿದ ಹಾಗೆ ಮೇಲೆದ್ದಿದ್ದರೆ, ಅದನ್ನು ಕೂರಿಸಿದ್ದು ಎಂಬತ್ತರ ದಶಕದ ಕೊನೆಯಲ್ಲಿ.

ಇನ್ನೊಂದು ಮಾತು. ಹಡಗಿನ ಮುಂದಿನ ತುದಿಗೆ ಮುಖಮಾಡಿ ನಿಂತರೆ ಗೋಪುರದಂಥ ಕಟ್ಟಡ ಬಲಕ್ಕೇ ಇರಬೇಕು. ಎಡಕ್ಕೆ ಕಂಡರೆ ಸ್ಟುಡಿಯೋದವರು ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿರುತ್ತಾರೆ, ಟೋಪಿ ಪಟ್ಟಿಯ ಅಕ್ಷರವೂ ತಿರುಗಾಮುರುಗಾ ಇರುತ್ತದೆ, ನೋಡಿ. ಎಡಗಡೆ ಗೋಪುರ ಇದ್ದ ಹಡಗುಗಳೂ ಇದ್ದವು, ಜಪಾನಿನ ಅಕಾಗಿ ಮತ್ತು ಹಿರ್ಯು. ನಿಮ್ಮ ತಂದೆ ಅಲ್ಲಿಗಂತೂ ಹೋಗಿರಲಿಕ್ಕಿಲ್ಲ.

ಹೊನ್ನಾವರದಿಂದ ಗೋವಾ ದೂರವೇನಲ್ಲ ಅಲ್ವಾ? ಬೊಗ್ಮಾಳೊದ ನೌಕಾ ವಿಮಾನ ಮ್ಯೂಸಿಯಂನಲ್ಲಿ ಈ ಮೂರೂ ವಿಮಾನಗಳು ನಿಂತಿವೆ. ಫೋಟೋದ ಒಂದು ಕಾಪಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಹಡಗು ಮಾತ್ರ ಎಲ್ಲೂ ಇಲ್ಲ. ಮುಂಬೈಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿತ್ತು, 2014ರಲ್ಲಿ ಗುಜರಿಗೆ ಹೋಯಿತು, ಅದರ ಉಕ್ಕಿನ ಒಂದು ಪಾಲು ಬಜಾಜ್ ಬೈಕಿಗೆ ಸೇರಿತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಕಾರವಾರದ ಕಡಲತೀರದಲ್ಲಿರುವ ಐಎನ್‌ಎಸ್ ಚಪಲ್ 1971ರಲ್ಲಿ ಕರಾಚಿಗೆ ಬೆಂಕಿ ಇಟ್ಟ ಹಡಗು ಅಂತ ಮಗನಿಗೆ ಹೇಳಿದೆ. ಅವನು ತಪ್ಪು ಅನ್ನುತ್ತಾನೆ.
(ಶಿರಸಿಯ ಓದುಗರು)

ಉತ್ತರ: ಮಗನೇ ಸರಿ. ಡಿಸೆಂಬರ್ 4ರ ರಾತ್ರಿ ಹೋದದ್ದು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ಸೇವೆಗೆ ಬಂದದ್ದೇ 1976ರಲ್ಲಿ. ಎಲ್ಲ ರಷ್ಯಾದ ಓಸಾ ಜಾತಿಯ ಕ್ಷಿಪಣಿ ದೋಣಿಗಳೇ, ಅದಕ್ಕೇ ಗೊಂದಲ. ಫೋಟೋದಲ್ಲಿ ಬೇರೆ ಮಾಡುವುದು ಸುಲಭ: ಕ್ಷಿಪಣಿ ಇಡುವ ನಾಲ್ಕು ಗೂಡುಗಳನ್ನು ನೋಡಿ. ಕರಾಚಿಗೆ ಹೋದ ಮೊದಲ ತಂಡದ ದೋಣಿಗಳಲ್ಲಿ (ಓಸಾ 1) ಅವು ಪೆಟ್ಟಿಗೆಯ ಹಾಗೆ, ಚಪಲ್‌ನಲ್ಲಿ (ಓಸಾ 2) ಉರುಟು ಕೊಳವೆಯ ಹಾಗೆ. ಕ್ಷಿಪಣಿಯ ರೆಕ್ಕೆ ಮಡಚುವಂತಾದ ಮೇಲೆ ಅಷ್ಟು ಅಗಲದ ಪೆಟ್ಟಿಗೆ ಬೇಕಾಗಲಿಲ್ಲ. ಮಗ ಮಾಡೆಲ್ ಕಿಟ್ ಕೊಡಿಸು ಅಂದರೆ ಡಬ್ಬಿಯ ಮೇಲೆ ಓಸಾ 1 ಇದೆಯಾ 2 ಇದೆಯಾ ನೋಡಿಯೇ ದುಡ್ಡು ಕೊಡಿ.

ಪ್ರಶ್ನೆ: ಹಡಗಿನ ಮಾಡೆಲ್ 1:350 ಅಳತೆಯದು (ಅಸಲಿಯ 350ರಲ್ಲಿ ಒಂದು ಪಾಲು) ತಗೊಳ್ಳಲಾ 1:700 ತಗೊಳ್ಳಲಾ? ಬಾಡಿಗೆ ಮನೆ.
(ಬೆಂಗಳೂರಿನ ಓದುಗರು)

ಉತ್ತರ: 1:700. ವಿಕ್ರಾಂತದಂಥ 213 ಮೀಟರ್ ಹಡಗು ಆಗ 30 ಸೆಂಟಿಮೀಟರ್, ಮಕ್ಕಳ ಕಂಪಾಸ್ ಬಾಕ್ಸಿನ ಪಕ್ಕ ಇರುವ ಒಂದಡಿ ಸ್ಕೇಲಿನಷ್ಟೇ. 1:350 ಆದರೆ ಎರಡಡಿ, ಮನೆ ಖಾಲಿ ಮಾಡುವಾಗ ಮಡಿಲಲ್ಲಿ ಇಟ್ಟುಕೊಂಡೇ ಹೋಗಬೇಕು. ನನ್ನದೊಂದು ದೊಡ್ಡ ಹಡಗಿನ ಕೂವೆಮರ ಹಾಗೇ ಟೆಂಪೋದಲ್ಲಿ ಮುರಿಯಿತು. ಚಿಕ್ಕದರಲ್ಲಿ ಕಷ್ಟ ಏನಂದ್ರೆ ಮನುಷ್ಯ ಎರಡೂವರೆ ಮಿಲಿಮೀಟರ್ ಕೂಡ ಇರುವುದಿಲ್ಲ, ಸಾಸಿವೆ ಕಾಳಿಗೆ ಬಣ್ಣ ಹಚ್ಚಿದ ಹಾಗೆ. ಜಪಾನಿನ ಕಂಪನಿಗಳು 1971ರಿಂದ ವಾಟರ್‌ಲೈನ್ ಅಂತ ಈ ಅಳತೆಯಲ್ಲೇ ನೂರಾರು ಹಡಗು ತಂದಿವೆ. ನೀರಿನ ಮೇಲೆ ಕಾಣುವಷ್ಟೇ ಇರುತ್ತದೆ, ಮೇಜಿನ ಮೇಲಿಟ್ಟರೆ ತೇಲುತ್ತಿದೆ ಅನ್ನಿಸುತ್ತದೆ. ಗಾಜಿನ ಪೆಟ್ಟಿಗೆ ಮಾತ್ರ ಮರೀಬೇಡಿ. ಹಗ್ಗ, ಕಂಬಿಯ ನಡುವೆ ಧೂಳು ಕೂತರೆ ಊದಿದರೂ ಹೋಗುವುದಿಲ್ಲ.

ಪ್ರಶ್ನೆ: ಜಪಾನಿನ ಹಳೇ ಯುದ್ಧನೌಕೆ ಮಿಕಾಸಾದ ಮಾಡೆಲ್ ಕಟ್ಟುತ್ತಿದ್ದೇನೆ. ತಳಕ್ಕೆ ಕೆಂಪು ಅಂತ ಕಿಟ್ ಹೇಳುತ್ತದೆ. ನನ್ನ ಹತ್ತಿರ ಇರುವ, ಆ ಕಾಲದ ಬೇರೆ ಹಡಗುಗಳ ಡ್ರೈ ಡಾಕ್ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಜಾಗ) ಫೋಟೋಗಳಲ್ಲಿ ತಳ ಕಪ್ಪಗಿದೆ. ಯಾವುದನ್ನು ನಂಬಲಿ?
(ಮೈಸೂರಿನ ಓದುಗರು)

ಉತ್ತರ: ಕಿಟ್ಟನ್ನು. ಆಗಿನ ಫಿಲ್ಮಿಗೆ ಕೆಂಪು ಬಣ್ಣ ಸರಿಯಾಗಿ ಕಾಣುತ್ತಲೇ ಇರಲಿಲ್ಲ, ಕೆಂಪು ಕಪ್ಪಗಾಗುತ್ತಿತ್ತು, ನೀಲಿ ಬೆಳ್ಳಗಾಗುತ್ತಿತ್ತು. ಹಾಗಂತ ಹಳೇ ಫೋಟೋ ಪಕ್ಕಕ್ಕಿಡಬೇಡಿ. ಮಿಕಾಸಾ ಇವತ್ತೂ ಯೊಕೊಸುಕಾದಲ್ಲಿದೆ, ಅದರ ಬಣ್ಣದ ಫೋಟೋ ಬೇಕಾದಷ್ಟು ಸಿಗುತ್ತವೆ, ಅಲ್ಲೇ ಎಡವುವುದು. ಎರಡನೇ ಮಹಾಯುದ್ಧದ ನಂತರ ಅದರ ಫಿರಂಗಿ, ಹೊಗೆಕೊಳವೆ ಎಲ್ಲ ಕಿತ್ತುಹಾಕಿದ್ದರು. ಈಗ ಕಾಣುವುದು 1961ರ ಹೊತ್ತಿಗೆ ಮತ್ತೆ ಕೂರಿಸಿದ್ದು. 1905ರಲ್ಲಿ ರಷ್ಯಾದ ವಿರುದ್ಧ ನಡೆದ ತ್ಸುಶಿಮಾ ಯುದ್ಧದ ಮಿಕಾಸಾ ಬೇಕಾದರೆ ಮೇಲ್ಭಾಗಕ್ಕೆ ಹಳೇ ಫೋಟೋವನ್ನೇ ನೋಡಿ. ತಳ ನೋಡೋಣ ಅಂದರೆ ಈಗ ಅದು ಕಾಂಕ್ರೀಟಿನಲ್ಲಿ ಹೂತಿದೆ.