ಜೂನ್ ಒಂದರ ಹೊಟ್ಟೆನೋವು

ರಾಯಚೂರು ಜಿಲ್ಲೆಯ ಬಾಲಕರ ಪಾಲನಾ ಗೃಹವೊಂದಕ್ಕೆ ನಾನು ಸಮಾಲೋಚಕಿಯಾಗಿ ವಾರಕ್ಕೆ ಎರಡು ದಿನ ಹೋಗುತ್ತೇನೆ. ಫೆಬ್ರವರಿಯಲ್ಲಿ ಅಲ್ಲಿಯ ಅಧೀಕ್ಷಕರು ಒಬ್ಬ ಹುಡುಗನನ್ನು ನನ್ನ ಮುಂದೆ ಕೂರಿಸಿದರು. ಅವನನ್ನು ಇಲ್ಲಿ ಮಾರೆಪ್ಪ ಎನ್ನುತ್ತೇನೆ. ಗುರುತು ಸಿಗುವ ಬೇರೆ ವಿವರಗಳನ್ನೂ ಬದಲಿಸಿದ್ದೇನೆ. ಚಿಕ್ಕವನಿದ್ದಾಗ ರೈಲು ನಿಲ್ದಾಣದಲ್ಲಿ ಸಿಕ್ಕವನು, ಈಗ ಐಟಿಐ ಓದುತ್ತಿದ್ದ. ಎರಡು ತಿಂಗಳಿಂದ ಬೆಳಗಿನ ಜಾವ ಹೊಟ್ಟೆ ಹಿಡಿದುಕೊಂಡು ಏಳುತ್ತಿದ್ದ, ರೊಟ್ಟಿಯನ್ನು ಅರ್ಧಕ್ಕೇ ಬಿಡುತ್ತಿದ್ದ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎರಡರಲ್ಲೂ ಏನೂ ಸಿಕ್ಕಿರಲಿಲ್ಲ. ‘ಅಣ್ಣಾ’ ಎನ್ನುತ್ತ ತನ್ನ ಬೆನ್ನು ಬಿಡದ ಪುಟ್ಟ ಹುಡುಗನಿಗೆ ಹಿಂದಿನ ವಾರ ಹೊಡೆದಿದ್ದ. “ನಾಟಕ ಮಾಡುತ್ತಾನೆ ಮೇಡಂ” ಎಂಬುದು ಗೃಹಪಾಲಕರ ತೀರ್ಪು.

ಮೊದಲ ಮೂರು ಭೇಟಿಗಳನ್ನು ನಾನು ಹಾಳು ಮಾಡಿದೆ. ಅವನ ಬಾಲ್ಯವನ್ನು ಕೆದಕುತ್ತ ಕುಳಿತೆ. ಅವ್ವನ ಸಾವು, ಅಪ್ಪನ ಕುಡಿತ, ಬೆಂಗಳೂರಿಗೆ ಗುಳೆ ಹೋದಾಗ ಇದ್ದ ತಗಡಿನ ಶೆಡ್ಡು, ಎಲ್ಲವನ್ನೂ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ನನ್ನಂಥ ಎಷ್ಟೋ ಸಮಾಲೋಚಕರಿಗೆ ಅದೇ ಕಥೆ ಹೇಳಿ ಹೇಳಿ ಅದು ಅವನದ್ದಾಗಿ ಉಳಿದಿರಲಿಲ್ಲ.

ನಾಲ್ಕನೆಯ ಸಲ ಹೋದಾಗ ಯಾರೋ ದಾನಿಗಳು ತಮ್ಮ ಮಗನ ಹುಟ್ಟುಹಬ್ಬಕ್ಕೆ ಕೇಕ್ ತಂದಿದ್ದರು. ಮಕ್ಕಳೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು, ದಾನಿಗಳು ಫೋಟೋ ತೆಗೆಯುತ್ತಿದ್ದರು. (ಈ ಪದ್ಧತಿಯ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ.) ಮಾರೆಪ್ಪ ನೀರಿನ ಟ್ಯಾಂಕಿನ ಹಿಂದೆ ಕುಳಿತಿದ್ದ. ಪಕ್ಕದಲ್ಲಿ ಸುಮ್ಮನೆ ಕುಳಿತೆ. ಬಹಳ ಹೊತ್ತಿನ ಮೇಲೆ ಕೇಳಿದ: “ಮೇಡಂ, ಜೂನ್ ಒಂದನೇ ತಾರೀಕು ಬೆಳಿಗ್ಗೆ ನನಗೆ ಉಪ್ಪಿಟ್ಟು ಕೊಡುತ್ತಾರೋ, ಅದಕ್ಕೂ ಮುಂಚೆಯೇ ಕಳಿಸಿಬಿಡುತ್ತಾರೋ?”

ಹುಟ್ಟಿದ ದಿನ ಗೊತ್ತಿಲ್ಲದ ಮಗುವಿಗೆ ಶಾಲೆಯಲ್ಲಿ ಮೇಷ್ಟ್ರು ಬರೆಯುವ ತಾರೀಕು ಜೂನ್ 1. ನನ್ನ ಗಂಡನದ್ದೂ ಅದೇ. ಆ ಅಂದಾಜಿನ ತಾರೀಕಿಗೆ ಮಾರೆಪ್ಪನಿಗೆ 18 ತುಂಬುತ್ತಿತ್ತು; 2015ರ ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಅಂದಿನಿಂದ ಅವನು ಮಗುವಲ್ಲ. ಹಿಂದಿನ ವರ್ಷ ಹೊರಗೆ ಹೋದ ಗೆಳೆಯ ಬಸ್ ನಿಲ್ದಾಣದ ಹೋಟೆಲಿನಲ್ಲಿ ತಟ್ಟೆ ತೊಳೆಯುವುದನ್ನು ಇವನು ಕಣ್ಣಾರೆ ನೋಡಿದ್ದ. ಸಾಲದ್ದಕ್ಕೆ ಗೃಹಪಾಲಕರು “ಹದಿನೆಂಟು ತುಂಬಲಿ, ಗೊತ್ತಾಗುತ್ತದೆ” ಎಂದು ತಮಾಷೆಗೆ ಅನ್ನುತ್ತಿದ್ದರಂತೆ.

ಸಾಯಬೇಕು ಎನ್ನಿಸಿದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ನಾವೇ ತಲೆಗೆ ಹಾಕಿದಂತೆ ಎಂದು ಹೆದರುವವರಿದ್ದಾರೆ, ಹಾಗಾಗುವುದಿಲ್ಲ. “ಒಂದೆರಡು ಸಲ ಅನ್ನಿಸಿತ್ತು. ಹೇಗೆ ಎಂದೆಲ್ಲ ಯೋಚಿಸಿಲ್ಲ” ಎಂದ. ಅದೇ ವಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿಗೆ ತೋರಿಸಿದೆವು. ಸದ್ಯಕ್ಕೆ ಮಾತ್ರೆ ಬೇಡ, ತಿಂಗಳಿಗೊಮ್ಮೆ ಬರಲಿ ಎಂದರು.

ಅವನಿಗೆ ನಾನು ಹೇಳಿದ್ದು ಇಷ್ಟು: ನಿನ್ನ ನೋವು ಸುಳ್ಳಲ್ಲ, ಅದರ ಕಾರಣ ಹೊಟ್ಟೆಯಲ್ಲಿಲ್ಲ. ನೋವು ಬಂದಾಗ ಪಾದ ನೆಲಕ್ಕೂರಿ ಕುಳಿತು, ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಉಸಿರು ಬಿಡು. ಆಮೇಲೆ ಹಿಂದಿನ ದಿನ ಯಾರು ಏನೆಂದರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆ. ಮೂರು ವಾರಗಳಲ್ಲಿ ಅವನೇ ಕಂಡುಕೊಂಡ: “ಮುಂದೇನು” ಎಂದು ಯಾರಾದರೂ ಕೇಳಿದ ಮರುದಿನವೇ ನೋವು.

ಆದರೆ ಎಲ್ಲಿ ಮಲಗುವುದು ಎಂಬ ಪ್ರಶ್ನೆಗೆ ಉಸಿರಾಟದ ಅಭ್ಯಾಸ ಉತ್ತರವಲ್ಲ. ಹೀಗಾಗಿ ಹೆಚ್ಚಿನ ಸಲಹೆಯೆಲ್ಲ ಸಂಸ್ಥೆಗೇ ಕೊಟ್ಟೆ. ‘ನಾಟಕ’ ಎಂಬ ಮಾತು, ಆ ತಮಾಷೆ ಎರಡೂ ನಿಲ್ಲಬೇಕು. ಕಾಯ್ದೆಯ 46ನೇ ಕಲಮಿನಲ್ಲಿ ಹೊರಹೋಗುವವರಿಗೆ ನೆರವಿನ ಅವಕಾಶವಿದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿಯನ್ನು ಸಾಮಾನ್ಯವಾಗಿ 21 ವರ್ಷದವರೆಗೆ ಕೊಡಬಹುದು. ಅದರ ಅರ್ಜಿಯನ್ನು ಮಕ್ಕಳ ರಕ್ಷಣಾ ಘಟಕಕ್ಕೆ ಈಗಲೇ ಕೊಡಿ, ಮೇ ತಿಂಗಳಿಗೆ ಕಾಯಬೇಡಿ ಎಂದೆ. ಬ್ಯಾಂಕ್ ಖಾತೆ, ಆಧಾರ್, ಅಂಕಪಟ್ಟಿ ಅವನ ಕೈಯಲ್ಲೇ ಇರಲಿ. ವಾರಕ್ಕೊಮ್ಮೆ ಒಬ್ಬನೇ ಬಸ್ಸಿನಲ್ಲಿ ಸಂತೆಗೆ ಹೋಗಿ ತರಕಾರಿ ತಂದು ಚಿಲ್ಲರೆ ಲೆಕ್ಕ ಒಪ್ಪಿಸಲಿ. ಅಡುಗೆಯ ಅಕ್ಕ ರೊಟ್ಟಿ ಬಡಿಯಲು ಕಲಿಸಿದರು. ಮೊದಲ ರೊಟ್ಟಿ ಹಂಚಿಗಿಂತ ದಪ್ಪವಾಗಿತ್ತು.

ಅವನ ನೋಟ್‌ಬುಕ್ಕಿನ ರಟ್ಟಿನ ಮೇಲೆ 1098 ಇತ್ತು, ಮಕ್ಕಳ ಸಹಾಯವಾಣಿ. ಅದರ ಕೆಳಗೆ 14416 ಬರೆದುಕೊಟ್ಟೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಅದಕ್ಕೆ ಹದಿನೆಂಟರ ಗಡಿಯಿಲ್ಲ.

ಜೂನ್ ಒಂದರಂದು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡನಂತೆ. ಈಗ ಐಟಿಐ ಹತ್ತಿರ ಇಬ್ಬರು ಗೆಳೆಯರೊಂದಿಗೆ ಬಾಡಿಗೆ ಕೋಣೆಯಲ್ಲಿದ್ದಾನೆ. ಹೋದ ಮೊದಲ ವಾರ ನೋವು ಎರಡು ಸಲ ಬಂದಿತ್ತು. ಭಾನುವಾರ ಬಂದು ಆ ಪುಟ್ಟವನಿಗೆ ಲೆಕ್ಕ ಹೇಳಿಕೊಡುತ್ತಾನೆ. ಹೊರಡುವ ಮುಂಚೆ ಫೋನ್ ಮಾಡಿ, ಬರಬಹುದೇ ಎಂದು ಕೇಳುತ್ತಾನೆ. ಕೇಳುವುದು ಬೇಡ ಎಂದು ಅಧೀಕ್ಷಕರು ಹೇಳಿ ಆಗಿದೆ. ಅವನು ಈಗಲೂ ಕೇಳುತ್ತಾನೆ.